ಚಿಲಕ ಪಾರವ್ವನ ಕಡೆಗೆ

ಇಸಳೂರಿನ ಶಂಭುಲಿಂಗನ ಹಿಟ್ಟಿನ ಗಿರಣಿಯಲ್ಲಿ ಆ ಸಂಜೆ ಕರೆಂಟು ಹೋದಾಗ ಸ್ಫೂರ್ತಿಯ ಜೋಳ ಅರ್ಧ ಮಾತ್ರ ಬೀಸಿ ಆಗಿತ್ತು. ಹೊರಗೆ ಮಳೆ ಬಿಡುವಂತೆ ಕಾಣಲಿಲ್ಲ. ಡಬ್ಬಿ ಹಿಡಿದು ಬಂದ ಹೆಂಗಸರೆಲ್ಲ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಓಣಿಗೆ ಬಾಡಿಗೆಗೆ ಬಂದು ಇನ್ನೂ ತಿಂಗಳಾಗದ ಸ್ಫೂರ್ತಿ ಮೊಬೈಲಿನ ಬೆಳಕನ್ನು ಸುಮ್ಮನೆ ಗೋಡೆಯ ಮೇಲೆ ಆಡಿಸಿದಳು. ಅಕ್ಕಿ ಚೀಲಗಳ ಹಿಂದೆ ಪಕ್ಕದ ಮನೆಗೆ ಹೋಗುವ ಬಾಗಿಲೊಂದಿತ್ತು. ಅದರ ಚಿಲಕ ಮಾತ್ರ ಈ ಕಡೆಗೆ.

"ಇದೇನ್ರಿ, ಪಕ್ಕದ ಮನಿಯವರನ್ನ ನಾವ ಕೂಡಿ ಹಾಕಿದಂಗ?" ಎಂದು ನಕ್ಕಳು.

ಬೇರೆ ಯಾರೂ ನಗಲಿಲ್ಲ. ಓಣಿಗೆಲ್ಲ ಹಿರಿಯಳಾದ ನೀಲವ್ವ ಎಲೆಅಡಿಕೆಯನ್ನು ದವಡೆಗೆ ಸರಿಸಿಕೊಂಡಳು.

"ಕೂಡಿ ಹಾಕಿಲ್ಲವ್ವ... ಕೇಳ್ರಿ ಹಂಗಾರ. ಆ ಮನ್ಯಾಗ ಅನ್ನಪೂರ್ಣವ್ವ ಅದಾಳ. ಗಿರಣಿ ಇರೂ ಈ ಮನಿ ಅಕಿ ತಂಗಿ ಪಾರವ್ವಂದು. ಅಕ್ಕ ತಂಗೀನ ಅಣ್ಣ ತಮ್ಮಗ ಕೊಟ್ಟಿದ್ರು. ಪಾಲಾದಾಗ ತಮ್ಮ, ಅಣ್ಣನ ಗೋಡಿಗೇ ಹಚ್ಚಿ ಇದನ್ನ ಕಟ್ಟಿದ. ಎರಡೂ ಮನಿ ತೊಲಿ ಈ ಒಂದ ಗೋಡಿ ಮ್ಯಾಲೆ. ಮಾತು ಬಿಟ್ಟ ಅಣ್ಣ ತಮ್ಮ, ಇದನ್ನ ಒಡದ್ರ ಇಬ್ಬರ ಮಾಳಿಗೀನೂ ಬೀಳ್ತೈತಿ ಅಂತ ಬಾಗಿಲ ಇಡಗೊಡಲಿಲ್ಲ. ಹೆಣ್ಮಕ್ಕಳು ಏನ್ ಮಾಡ್ಬೇಕು? ಗಂಡಂದಿರು ಅತ್ಲಾಗ ಹೋಗೂದ ತಡ, ಪಾರವ್ವ ಯಾಲಕ್ಕಿ ಕುಟ್ಟೂ ಹಿತ್ತಾಳಿ ಗುಂಡಿಲೆ ಗೋಡಿ ಬಡಿಯಾಕಿ, ಅಕ್ಕ ತಿರುಗಿ ಬಡಿಯಾಕಿ. ಚಾ ಆತು ಅಂತ. ಆ ಕಡಿ ಒಬ್ಬಾಕಿ, ಈ ಕಡಿ ಒಬ್ಬಾಕಿ, ಗೋಡಿಗೆ ಬೆನ್ನು ಹಚ್ಚಿ ಕುಂತು ಚಾ ಕುಡಿಯೂದು... ಹಂಗ ವಯಸ್ಸು ಕಳದ್ರು, ನೋಡ್ರಿ.

"ಗಂಡಂದಿರು ತೀರಿಕೊಂಡ ಮ್ಯಾಲೆ ಗೌಂಡಿ ಕೆರಿಯಪ್ಪನ್ನ ಕರಿಸಿದ್ರು. ಪಾರವ್ವ ಗೋಡಿಗೆ ಇದ್ದಲಿಲೆ ಗೆರಿ ಎಳದು, 'ಚಿಲಕ ನನ್ನ ಕಡಿಗಿರಲಿ ಅಕ್ಕಾ. ನಿಂದು ಮೂಗಿನ ತುದೀಗೆ ಸಿಟ್ಟು, ನೀ ಹಾಕ್ಕೊಂಡ್ರ ನಾ ಎಲ್ಲಿ ಹೋಗ್ಲಿ?' ಅಂದ್ಲು. ಕೆರಿಯಪ್ಪ ಗೋಡಿಗೆ ಕೈ ಹಚ್ಚಿ ನೋಡಿ, 'ಭಾರ ಹೊತ್ತ ಮಣ್ಣಿನ ಗೋಡಿ ಅವ್ವಾರ, ಮಳ್ಯಾಗ ಮುಟ್ಟಬಾರದು. ದೀಪಾವಳಿ ಆಗ್ಲಿ' ಅಂದ. ಇಷ್ಟು ವರ್ಷ ತಡದೀವಿ ಅಂತ ಅನ್ನಪೂರ್ಣವ್ವ ಹೂಂ ಅಂದ್ಲು. ಪಾರವ್ವ ಅನ್ನಲಿಲ್ಲ. ಪಂಚಮಿ ಮುಗದಿತ್ತಷ್ಟ... ಜ್ವರ ಬಂತು, ಹೋಗೇಬಿಟ್ಲು."

ಸ್ಫೂರ್ತಿ ಮೊಬೈಲು ಆರಿಸಿದಳು.

"ಇನ್ನ ಯಾರಿಗೆ ಬಾಗಿಲು ಅಂದ್ರು ಮಂದಿ. ಅನ್ನಪೂರ್ಣವ್ವ ಕೇಳ್ತಾಳ? ದೀಪಾವಳಿಗೆ ಕೆರಿಯಪ್ಪ ಬಂದ. ಎರಡೂ ಮನ್ಯಾಗ ತೊಲಿಗೆ ಆಸರಿ ಕಂಬ ಕೊಟ್ಟ. ಇಂಥ ಗೋಡಿ ಒಮ್ಮೆಗೇ ಒಡಿಯಂಗಿಲ್ಲ. ಅಕ್ಕನ ಕಡಿಂದ ಅರ್ಧ ದಪ್ಪ ಕೊರದು, ಮ್ಯಾಲೆ ಕಲ್ಲು ಕೂಡ್ರಿಸಿ, ಗಾರೆ ಬಿಗೀಲಿ ಅಂತ ಬಿಟ್ಟು ಹೋದ. ಆಮ್ಯಾಲೆ ಈ ಕಡಿಂದ ಉಳದರ್ಧ. ಅಲ್ಲೀತನಕ ಈ ಮನಿಗೆ ಕೀಲಿ, ಕೀಲಿಕೈ ಅಕ್ಕನ ಸೆರಗಿನ್ಯಾಗ. ಗಾರೆ ಬಿಗದ ಮ್ಯಾಲೆ ಕೀಲಿ ತಗದು ಒಳಗ ಬರ್ತಾರ... ಈ ಕಡಿ ಅರ್ಧ ಆಗಲೇ ಕೊರದೈತಿ. ಇದ್ದಲಿ ಗೆರಿಗೆ ಸರಿಯಾಗಿ. ಮಣ್ಣೆಲ್ಲಾ ಉಡಗಿ ಮೂಲಿಗೆ ಗುಡ್ಡಿ ಹಾಕೈತಿ. ಗುಡ್ಡಿ ಮ್ಯಾಲೆ ಹಿತ್ತಾಳಿ ಗುಂಡು, ತುದಿಗೆ ಕೆಮ್ಮಣ್ಣು. ನಡುವ ಹಪ್ಪಳದಷ್ಟು ತೆಳು ಮಣ್ಣು ಉಳದಿತ್ತು. ಕೆರಿಯಪ್ಪ ಹಾರಿ ಅಲ್ಲೇ ಬಿಟ್ಟು ಅಂಗಳಕ್ಕಿಳದ. ಅನ್ನಪೂರ್ಣವ್ವ ಅಂಜಲಿಲ್ಲ. ಅಂಗೈಲೆ ಮೆಲ್ಲಕ ದೂಡಿದ್ಲು... 'ನಾ ತಡಾ ಮಾಡಿದೆ ಪಾರೂ' ಅಂದ್ಲು. ಚಿಲಕಾನೂ ಪಾರವ್ವ ಹೇಳಿದ ಕಡೀಗೇ ಹಚ್ಚಿಸಿದ್ಲು.

"ಆಮ್ಯಾಲೆ ಈ ಮನ್ಯಾಗ ಬಾಡಿಗಿಗೆ ಗಿರಣಿ ಹಾಕಿದ ಶಂಭುಲಿಂಗ ಈ ಚಿಲಕ ಮುಟ್ಟಂಗಿಲ್ಲ. ಅನ್ನಪೂರ್ಣವ್ವಗ ಆ ಕಡಿಂದ ತಗೀಲಿಕ್ಕೆ ಬರಂಗಿಲ್ಲ. ದಿನಾ ಎರಡು ಕಪ್ ಚಾ ಸೋಸಿ ಬಾಗಿಲ ಮುಂದ ಕುಂಡ್ರತಾಳ. ಎದ್ದಾಗ ಎರಡೂ ಬರಿದು."

"ಎರಡೂ ತಾವ ಕುಡೀತಾರೇಳ್ರಿ," ಎಂದಳು ಸ್ಫೂರ್ತಿ. ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

"ಅಕಿಗೆ ಸಕ್ರಿ ಕಾಯ್ಲೆವ್ವ. ಒಂದು ಕಪ್ಪಿಗೆ ಸಕ್ರಿ ಹಾಕಿರ್ತಾಳ."

ಆಗ ಗೋಡೆಯ ಆಚೆಯಿಂದ ಯಾರೋ ಮೆಲ್ಲಗೆ ಬಡಿದರು. ತುಸು ತಡೆದು, ಇನ್ನೊಮ್ಮೆ.

ನೀಲವ್ವ ಮೊಳಕಾಲು ಹಿಡಿದು ಎದ್ದಳು. ಕತ್ತಲಲ್ಲಿ, ಬಾಗಿಲ ಬಳಿ ಕೂತವರನ್ನು ಅತ್ತಿತ್ತ ಸರಿಯಲು ಹೇಳಿ ನಡುವೆ ದಾರಿ ಮಾಡಿಸಿದಳು.

"ಶಂಭುಲಿಂಗಾ, ಆ ಚೀಲ ಅತ್ಲಾಗ ಸರಸೋ ತಮ್ಮಾ. ಚಿಲಕಕ್ಕ ಕೈ ಮುಟ್ಟಬೇಕಲ್ಲ ಪಾರವ್ವಗ..."