ಬ್ಯಾಡಗಿ ಬಸ್ಸಿನ್ಯಾಗ ಫಕೀರಣ್ಣನ ಕಡೀ ಕಳವು

ಅಲ್ಲಲೇ, ಕಳವಾದ ಬಂಗಾರ ತಂದು ಕೊಡೂದು ಪೊಲೀಸರಿಂದ ಎಲ್ಲಿ ಆಗಬೇಕು! ಕಳ್ಳನ ಕಿಸೇಕ ಇನ್ನೊಬ್ಬ ಕಳ್ಳ ಕೈ ಹಾಕಿದ್ದು. ತಡೀರಿ, ಮೊದ್ಲಿಂದ ಹೇಳ್ತೇನಿ. ನಿಮ್ಮಜ್ಜ ಹೋದ ಮ್ಯಾಲ ರಾಣೆಬೆನ್ನೂರ ಬಸ್‌ಸ್ಟ್ಯಾಂಡಿನ್ಯಾಗ ವೀಳ್ಯದೆಲಿ ಮಾರಿ ನಿಮ್ಮವ್ವನ್ನ ಬೆಳಸೇನಿ ನಾನು. ಮೇಡ್ಲೇರಿ ಎಲಿ... ಅಲ್ಲ, ಆವಾಗ ಐರಣಿಯಿಂದ ಬರತಿತ್ತು ಎಲಿ, ಇರಲಿ. ಅಲ್ಲಿ ದಿನಾ ನನ್ನ ಬುಟ್ಟಿ ಮುಂದ ಬಂದು ಕುಂದ್ರತಿದ್ದ ಫಕೀರಣ್ಣ. ಹಳೇ ಕಿಸೆಗಳ್ಳ, ಊರಿಗೆಲ್ಲ ಗೊತ್ತು. ವಯಸ್ಸಾಗಿ ಕಳವು ಬಿಟ್ಟಿದ್ದ. ಕೈ ಹೆಂಗ ನಡಗತಿದ್ದೂ ಅಂದ್ರ, ಎಲಿಗೆ ಸುಣ್ಣಾ ಹಚ್ಚಾಕ ಬರತಿದ್ದಿಲ್ಲ, ನಾನ ಹಚ್ಚಿ ಕೊಡತಿದ್ದೆ.

ನಿಮ್ಮವ್ವನ ಮದುವಿಗೆ ಒಂದು ಬಂಗಾರದ ಬೋರಮಾಳ ಸರ ಮಾಡಿಸಿದ್ದೆ, ಹೊಟ್ಟಿ ಕಟ್ಟಿ. ಅದಿಲ್ಲದ ಅಕ್ಕಿಕಾಳು ಹಾಕೂದಿಲ್ಲ, ಮದುವೀನ ಇಲ್ಲ ಅಂದಿದ್ರು ಬೀಗರು. ಅಂಗಡಿಯಿಂದ ತಂದು ಬುಟ್ಟಿ ಹತ್ರ ಕುಂತು ನೋಡ್ತೇನಿ, ಚೀಲಾ ಬ್ಲೇಡಿನಿಂದ ಸೀಳೇತಿ! ಒದರಿಬಿಟ್ಟೆ, "ಯಣ್ಣಾ, ನನ್ನ ಮಗಳ ಬಂಗಾರ ಹೋತೋ!" "ಬಾಯಿ ಮುಚ್ಚು, ಓಡಿ ಹೋದಾನು" ಅಂದ ಫಕೀರಣ್ಣ. "ಅಲ್ಲಿ ನೋಡು, ಬ್ಯಾಡಗಿ ಬಸ್ಸಿನ ಬಾಗಲದಾಗ, ಎಲ್ಲಾರೂ ಸೀಟು ನೋಡಾಕತ್ತಾರ, ಅಂವ ಒಬ್ಬ ತನ್ನ ಕಿಸೆ ಮುಟ್ಟಿ ಮುಟ್ಟಿ ನೋಡಾಕತ್ತಾನ."

ಫಕೀರಣ್ಣ ಕೆಮ್ಮಿಕೋತ ಗದ್ದಲದಾಗ ಹೊಕ್ಕ. "ತಮ್ಮಾ, ಮುದುಕ ಅದೇನಿ, ಕೈ ಹಿಡದು ಹತ್ತಸಪಾ." ಆ ಕಳ್ಳ ಪಾಪ, "ಬರ್ರಿ ಅಜ್ಜಾರ" ಅಂತ ತಾನ ಎತ್ತಿ ಹತ್ತಿಸಿದ! ಸೀಟೂ ಹಿಡದು ಕೊಟ್ಟ! ಇಂವ ಕುಂತಂಗ ಮಾಡಿ, "ಇದು ಹಾವೇರಿ ಬಸ್ಸಲ್ಲೇನು? ಅಯ್ಯ ಶಿವನ!" ಅಂತ ಇಳದು ಬಂದ. ನಾ ಕಣ್ಣು ಪಿಳುಕಿಸದ ನೋಡೇನಿ, ಏನೂ ಕಾಣಲಿಲ್ಲ ನೋಡ್ರಿ. ಬಂದು ನನ್ನ ಎಲಿ ಮ್ಯಾಲಿನ ಹಸಿ ಗೋಣಿತಟ್ಟಿನ ಕೆಳಗ ಕೈ ಹಾಕಿ, ಬರಿಗೈ ಹೊರಗ ತಗದ. ಬಸ್ಸು ಹೋತು. ತಟ್ಟು ಎತ್ತಿ ನೋಡ್ತೇನಿ, ನನ್ನ ಬೋರಮಾಳದ ಗಂಟು! ಸುಣ್ಣಾ ಹಚ್ಚಾಕ ಬರಲಾರದ ಕೈಲೇ!

"ಮದುವಿಗೆ ಬಾ ಯಣ್ಣಾ" ಅಂದೆ. "ಬ್ಯಾಡ ತಂಗಿ, ನಾ ಬಂದ್ರ ಮಂದಿ ಕಿಸೆ ಹಿಡಕೊಂಡು ಉಣತಾರ. ಇದ ನನ್ನ ಕಡೀ ಕಳವು" ಅಂದ. ನಾ ಬಿಡತೇನೇನು? ಮದುವಿ ದಿನ ಹೊಸಾ ಧೋತರ ಉಡಸಿ, ಬೀಗರ ಬಂಗಾರ ಇಟ್ಟ ಖೋಲಿ ಕೀಲಿಕೈ ಅವನ ಕೈಯಾಗ ಕೊಟ್ಟು, ಬಾಗಲದಾಗ ಕುಂದ್ರಿಸಿದೆ. "ಕಳ್ಳನ ಕೈಯಾಗ ಕೊಟ್ಟೆಲ್ಲಬೇ!" ಅಂತ ಬೀಗತಿ ಹೌಹಾರಿದ್ಲು. "ನಮ್ಮಣ್ಣ ಅದಾನ, ಸುಮ್ಮನಿರ್ರಿ" ಅಂದೆ. ಅದನ್ನ ಕೇಳಿ ಫಕೀರಣ್ಣ ಟಾವೆಲ್ಲು ಬಾಯಿಗೆ ಒತ್ತಿಕೊಂಡು ಹುಡುಗರಂಗ ಅತ್ತ. ಅಕ್ಕಿಕಾಳು ಬಿದ್ದು, ಮಂದಿ ಉಂಡು, ಬೀಗರು ಗಾಡಿ ಹತ್ತೂ ಮಟಾ ಅಲ್ಲಿಂದ ಏಳಲಿಲ್ಲ. ಉಣ್ಣಾಕ ಕರದ್ರೂ ಏಳಲಿಲ್ಲ. ಒಂದು ಗುಂಜಿ ಬಂಗಾರ ಹೋಗಲಿಲ್ಲ. ಮಂದೀನ್ನ ನಂಬಬೇಕ್ರೋ, ನಂಬಿದ್ರನ ಮಂದಿ ಮಂದಿ ಆಗತಾರ. ಏಳ್ರಿನ್ನ, ರೊಟ್ಟಿ ಆರಾಕತ್ತಾವು.