ಓಲೆ ಬಿಚ್ಚಿಟ್ಟು ಹೋಗುತ್ತಿದ್ದ ಆಸ್ಪತ್ರೆ

ದೊಡ್ಡಬಳ್ಳಾಪುರದ ಹತ್ತಿರದ ಒಂದು ಧರ್ಮಾಸ್ಪತ್ರೆ. ಶನಿವಾರದಿಂದ ಮುಚ್ಚುತ್ತೇವೆಂದು ಗೋಡೆಗೆ ಚೀಟಿ ಅಂಟಿಸಿದ್ದರು. ಡಯಾಲಿಸಿಸ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ರಾಜಘಟ್ಟದ ಮುತ್ತಮ್ಮ ಗಂಡನಿಗಾಗಿ ಕಾಯುತ್ತಿದ್ದರು. ಜೊತೆಗೆ ಅವರ ನೆರೆಮನೆಯ ಬೈರಣ್ಣ.

"ದುಡ್ಡು ಕೊಡೋ ರೋಗಿಗಳೇ ಬರಲ್ವಂತೆ ಮುತ್ತಕ್ಕ. ಅದಕ್ಕೇ ಮುಚ್ತಾರಂತೆ."

"ನಾವೆಲ್ಲಿ ಕೊಟ್ವಿ ಬೈರಣ್ಣ? ಫೀಸು ಬಿಡ್ಲಿ ಅಂತ ನಾನು ಓಲೆ ಬಿಚ್ಚಿಟ್ಟು, ಹಳೇ ಸೀರೆ ಉಟ್ಕೊಂಡು ಬರ್ತಿದ್ದೆ."

"ನಾನು ಬೈಕ್‌ನ ದೂರ ನಿಲ್ಸಿ ಕುಂಟ್ಕೊಂಡು ಬರ್ತಿದ್ದೆ."

"ಕಾಲು ನೋವಾ?"

"ಇಲ್ಲ, ಹಲ್ಲು."

ಮುತ್ತಮ್ಮ ಸೆರಗು ಬಾಯಿಗಿಟ್ಟು ನಕ್ಕರು.

"ಕಾಸಿದ್ದಾಗ ಮಂಡಿ ಆಪರೇಷನ್ ಎಲ್ಲಿ ಮಾಡಿಸ್ಕೊಂಡೆ ಅಕ್ಕ?"

"ಹೆಬ್ಬಾಳದ ದೊಡ್ಡ ಪ್ರೈವೇಟ್ ಆಸ್ಪತ್ರೇಲಿ. ಧರ್ಮಾಸ್ಪತ್ರೇಲಿ ಮಾಡಿಸಿದ್ರೆ ಬೀಗರು ಆಡ್ಕೊಳಲ್ವಾ?"

"ಅಲ್ಲಿಗೆ ಕಾಸು ಕೊಟ್ವಿ, ಇಲ್ಲಿ ಕಷ್ಟ ಹೇಳ್ಕೊಂಡ್ವಿ."

"ಈಗ ನಿಮ್ಮ ಭಾವಂಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗ್ಬೇಕು. ಎಲ್ಲಿಗೆ ಕರ್ಕೊಂಡು ಹೋಗ್ಲಪ್ಪಾ?"



ನರ್ಸ್ ಮುತ್ತಮ್ಮನ ಗಂಡನನ್ನು ಗಾಲಿಕುರ್ಚಿಯಲ್ಲಿ ಕರೆತಂದರು.

"ಮುಂದಿನದು ಯಾವತ್ತಂತೆ?" ಎಂದು ಅವರು ಹೆಂಡತಿಯನ್ನು ಕೇಳಿದರು.

"ಸೋಮವಾರ."

ಎಲ್ಲಿ ಎಂದು ಅವರು ಕೇಳಲಿಲ್ಲ. ಬೈರಣ್ಣ ಕುರ್ಚಿ ತಳ್ಳಿದರು, ಮೂವರೂ ಗೇಟಿನತ್ತ ಹೋದರು.