ಬಿಲ್ಕ್ ಅಂದ್ರೇನಂತೆ ಗೊತ್ತಾ?

…ನಗ್ಬೇಡ ಕಣೇ ಉಮಾ, ಇಂಗ್ಲಿಷಲ್ಲಿ ನಿಜವಾಗ್ಲೂ ಅಂಥದ್ದೊಂದು ಮಾತಿದೆ! ಬಿಲ್ಕ್! ನಮ್ಮ ಭವ್ಯ ಪರೀಕ್ಷೆಗೆ ಅಂತ ಬೆಳಗಿಂದ ಉರು ಹೊಡೀತಿದಾಳೆ. ಮೊಮ್ಮಗಳು ಓದಿದ್ದು ಅಜ್ಜಿಗೂ ಬಾಯಿಪಾಠ ಆಗೋಯ್ತು. ಹೋಟ್ಲಲ್ಲಿ ಗಡದ್ದಾಗಿ ತಿಂದು, ಕೈ ತೊಳೆಯೋ ನೆಪದಲ್ಲಿ ಜಾರ್ಕೊಳ್ಳೋದು… ಅದು ಬಿಲ್ಕ್. ನಂಬಿದೋರ ದುಡ್ಡು ನುಂಗಿಹಾಕೋದು, ಅದೂ ಬಿಲ್ಕೇ. ಆಸೆ ತೋರ್ಸಿ ಕೈಕೊಡೋದೂ ಅದೇ ಅಂತೆ! ಒಂದೇ ಮಾತಲ್ಲಿ ಎಷ್ಟು ಜನ ಕಳ್ರನ್ನ ತುಂಬಿದಾರೆ ನೋಡು!

ನಮ್ಮಲ್ಲಿ ಆ ಬುದ್ಧಿ ಇಲ್ಲಮ್ಮ. ಕೆ.ಆರ್. ಪುರದಲ್ಲಿ ಈ ಆಂಜನಮ್ಮನ ಮನೆ ಬಾಡಿಗೆಗೆ ಸಿಕ್ತು ಅಂದ್ರೆ ಪುಣ್ಯ ಅಂತಾರೆ. ಏನು, ಬಸು ಕೂಗ್ತಿದಾನಾ? ಬರ್ತಾಳೆ ಇರಪ್ಪಾ, ನಿನ್ನ ಹೆಂಡ್ತಿನ ನಾನೇನು ಕಟ್ಟಿಹಾಕಿಲ್ಲ! ಗೊತ್ತು ಕಣೇ, ಸಾಮಾನೆಲ್ಲ ಗಾಡಿಗೆ ಹೇರಿ ಆಗಿದೆ. ಆ ಹೊಸ ಮನೆ ಓನರ್ ಅಡ್ವಾನ್ಸ್ ಕೈಗೆ ಬೀಳದೆ ಬೀಗ ತೆಗೆಯಲ್ವಂತೆ.

ಅದಕ್ಕೇ ನಿಮ್ಮ ಅಡ್ವಾನ್ಸ್ ರೆಡಿ ಇಟ್ಟಿದೀನಿ. ಒಂದು ತಿಂಗಳ ಬಾಡಿಗೆ ಮಾತ್ರ ಪೇಂಟಿಂಗ್‌ಗೆ ಹಿಡ್ಕೊಂಡಿದೀನಿ… ಯಾಕೆ ಹಂಗೆ ನೋಡ್ತೀಯಾ? ಬೆಂಗಳೂರಲ್ಲಿ ಎಲ್ಲಾ ಓನರ್‌ಗಳೂ ಹಿಡ್ಕೊಳ್ಳೋದೇ! ಗೋಡೆ… ಹೂಂ, ಚೊಕ್ಕವಾಗೇ ಇಟ್ಟಿದೀಯ. ಆದ್ರೂ ಬಣ್ಣ ಹೊಡಿಸ್ಬೇಕಲ್ಲ? ನಾಳೆ ಪೇಂಟರ್ ಬರ್ತಾನೆ. ಹೊಸಬರು ಬರೋದು ಮುಂದಿನ ತಿಂಗಳು.

ಏನದು ಸದ್ದು, ಗೇಟ್ ಹತ್ರ? ಓ… ಅವಳಾ? ಫಹ್ಮಿದಾ ಅಂತ, ಶಿವಾಜಿನಗರದೋಳು. ಸುಮ್ನೆ ಮನೆ ನೋಡ್ಕೊಂಡು ಹೋಗೋಕೆ ಬಂದಿದಾಳೆ, ಅಷ್ಟೇ. ಬೀರು, ಮಂಚ ಹೇರ್ಕೊಂಡು ಯಾರು ಮನೆ ನೋಡೋಕೆ ಬರ್ತಾರೆ ಅಂತೀಯಾ? … ನೀನೇನೂ ಅನ್ನಲಿಲ್ಲ. ಹೌದು, ನೀನು ಬಾಯೇ ಬಿಡ್ಲಿಲ್ಲ. ನಾನೇ ಅಂದೆ.

ಮಾತಾಡೇ! ಜಗಳ ಆಡು! ನೀನು ಬಾಯಿ ಮಾಡಿದ್ರೆ ನಾನೂ ನಾಲ್ಕು ಮಾತು ಎಸೀತಿದ್ದೆ… ಹಿಂಗೆ ಸುಮ್ನೆ ನಿಂತ್ಕೊಂಡ್ರೆ ನಾನೇನ್ ಮಾಡ್ಲಿ? ನಾನು ಜ್ವರ ಬಂದು ಮಲಗಿದ್ದಾಗ ಗಂಜಿ ಕಾಯಿಸಿ ತಂದು ಕುಡಿಸಿದೋಳು ನೀನು. ಥೂ, ನಂಗೇ ನಾಚಿಕೆ ಆಗ್ತಿದೆ.

ಆಯ್ತು, ಪೇಂಟಿಂಗೂ ಬೇಡ, ಏನೂ ಬೇಡ. ತಗೋ, ಪೂರ್ತಿ ಇದೆ. ಎಣಿಸ್ಕೋ… ಎಣಿಸೇ! ಅಯ್ಯೋ, ಹಂಗೇ ಬ್ಯಾಗಿಗೆ ಹಾಕ್ಕೊಂಡ್ಬಿಟ್ಯಾ? ಕಾಲಿಗೆ ಯಾಕೆ ಬೀಳ್ತೀಯಾ, ಏಳು… ಏಳೇ…

ಉಮಾ, ನಿಲ್ಲು. ಮೆಟ್ಲು ಇಳೀಬೇಡ. ನಿಮ್ಮ ದುಡ್ಡಲ್ಲಿ ಇನ್ನೂ ಎರಡು ಸಾವಿರ ನನ್ನ ಸೆರಗಿನ ಗಂಟಲ್ಲಿದೆ.